‘ಪಟ್ಟಿಯಲ್ಲಿ ಅವನ ಹೆಸರಿರೋದು ಅವನಿಗೇ ಗೊತ್ತಿಲ್ಲ ಮೇಡಂ’

ನಾನು ಆಪ್ತಸಲಹೆಗಾರ್ತಿ. ಇದು ಒಬ್ಬನೇ ಹುಡುಗನ ಕತೆಯಾಗಿದ್ದರೆ ಬರೆಯುತ್ತಿರಲಿಲ್ಲ. ಇವನಾದ ಮೇಲೂ ಇದೇ ಮಾತನ್ನು ಮೂರು ಸಲ ಕೇಳಿದ್ದೇನೆ, ಬೇರೆ ಬೇರೆ ಬಾಯಲ್ಲಿ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.

ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್ ವಾಸ. ಎರಡು ಸೆಮಿಸ್ಟರ್ ಫೇಲಾಗಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ನಿದ್ದೆ ಇರಲಿಲ್ಲ. ‘ಸಾಯಬೇಕು ಅನ್ನಿಸುತ್ತಾ?’ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನೋ ಭಯ ಪಾಠ ಮಾಡುವವರಲ್ಲೂ ಇದೆ. ಹಾಗೇನೂ ಆಗುವುದಿಲ್ಲ, ಅಧ್ಯಯನಗಳೂ ಅದನ್ನೇ ಹೇಳಿವೆ. ಕೇಳಿದ್ದಕ್ಕೆ ಅವನ ಭುಜ ಸ್ವಲ್ಪ ಇಳಿಯಿತು. ‘ಹೂಂ’ ಎಂದ. ಮನೋವೈದ್ಯರ ಹತ್ತಿರ ಕಳಿಸಿದೆ, ಮಾತ್ರೆ ಶುರುವಾಯಿತು. ಜೊತೆಗೆ ಅವನ ಫೋನಿಗೆ ಸುರಕ್ಷತಾ ಯೋಜನೆಯ, ಅಂದರೆ ಸಾಯುವ ಯೋಚನೆ ಬಂದಾಗ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂದು ಮೊದಲೇ ಬರೆದಿಡುವ ಒಂದು ಆ್ಯಪ್ ಹಾಕಿಸಿದೆ.

ಇಂಥ ಹಲವು ಆ್ಯಪ್‌ಗಳ ಮೂಲ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಒಂದು ಹಾಳೆ. ಅದರಲ್ಲಿ 6 ಹಂತ. ಮನಸ್ಸು ಕೆಡುವ ಮುನ್ಸೂಚನೆ ಏನು, ಆಗ ಒಬ್ಬನೇ ಏನು ಮಾಡಬಲ್ಲೆ, ಗಮನ ಬೇರೆ ಕಡೆ ಹೋಗಲು ಯಾರ ಜೊತೆ, ಎಲ್ಲಿಗೆ ಹೋಗಬಲ್ಲೆ. ನಾಲ್ಕನೆಯದರಲ್ಲಿ ಸಹಾಯ ಕೇಳಬಹುದಾದ ಆಪ್ತರ ಹೆಸರು, ಐದರಲ್ಲಿ ವೈದ್ಯರು ಮತ್ತು ಸಹಾಯವಾಣಿ. ಕೊನೆಯದು ಅಪಾಯದ ವಸ್ತುಗಳನ್ನು ಕೈಗೆ ಸಿಗದ ಹಾಗೆ ಇಡುವುದು. ಕಾಗದದಲ್ಲಿದ್ದರೆ ಪುಸ್ತಕದ ಮಧ್ಯೆ ಸೇರಿ ಕಳೆದುಹೋಗುತ್ತದೆ. ಫೋನ್ ಆದರೆ ರಾತ್ರಿ ಎರಡು ಗಂಟೆಗೂ ದಿಂಬಿನ ಪಕ್ಕದಲ್ಲೇ ಇರುತ್ತದೆ. ತೆರೆದು ನೋಡುತ್ತಿದ್ದರೆ ರೂಮ್‌ಮೇಟ್‌ಗೆ ಅನುಮಾನ ಬರುವುದಿಲ್ಲ. ಅದಕ್ಕೇ ನಾನು ಆ್ಯಪ್‌ಗಳ ವಿರೋಧಿಯಲ್ಲ.

ಹುಡುಗ ನನ್ನ ಮುಂದೆಯೇ ಎಲ್ಲ ತುಂಬಿದ, ಅಸೈನ್‌ಮೆಂಟ್ ಮುಗಿಸಿದ ಹಾಗೆ ಅಚ್ಚುಕಟ್ಟಾಗಿ. ನನಗೆ ಸಮಾಧಾನವಾಯಿತು. ಅಲ್ಲೇ ತಪ್ಪಿದ್ದು.

ಮೂರನೇ ಸಲ ಬಂದಾಗ ಕಣ್ಣು ಕೆಂಪಗಿತ್ತು. ಹಿಂದಿನ ರಾತ್ರಿ ತುಂಬಾ ಕಷ್ಟವಾಗಿತ್ತಂತೆ.

‘ಆ್ಯಪ್ ತೆಗೆದೆಯಾ?’

‘ತೆಗೆದೆ ಮೇಡಂ. ಹಾಡು ಕೇಳಿದೆ, ಮುಖ ತೊಳೆದೆ. ನಾಲ್ಕನೇ ಹಂತಕ್ಕೆ ಬಂದೆ. ನನ್ನ ಗೆಳೆಯನ ಹೆಸರು ಬಂತು. ಸುಮ್ನೆ ನೋಡ್ತಾ ಕೂತಿದ್ದೆ.’

‘ಯಾಕೆ ಫೋನ್ ಮಾಡಲಿಲ್ಲ?’

ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ಪಟ್ಟಿಯಲ್ಲಿ ಅವನ ಹೆಸರಿರೋದು ಅವನಿಗೇ ಗೊತ್ತಿಲ್ಲ ಮೇಡಂ. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಎಲ್ಲಿಂದ ಶುರು ಮಾಡಲಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಂದ ಹೆಸರು ಬರೆಸಿದ್ದೆ, ನಂಬರ್ ಸೇವ್ ಮಾಡಿಸಿದ್ದೆ. ಆ ಕಡೆ ಇರುವವನಿಗೆ ಒಂದು ಮಾತು ಹೇಳಬೇಕು ಅಂತ ಹೊಳೆದೇ ಇರಲಿಲ್ಲ. ಉಸಿರು ಕಟ್ಟಿದ ಹಾಗಿರುವಾಗ ಮೊದಲಿನಿಂದ ಕತೆ ಹೇಳು ಅಂದರೆ ಯಾರು ಹೇಳುತ್ತಾರೆ?

‘ಈಗ ಮಾಡೋಣ್ವಾ? ಇಲ್ಲೇ, ನಾನಿರುವಾಗಲೇ?’ ಎಂದೆ. ಬೇಡ ಅಂದಿದ್ದರೆ ಬಿಡುತ್ತಿದ್ದೆ. ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಇಬ್ಬರೂ ಕೂತು ಯೋಚಿಸಿದೆವು. ಎರಡೇ ವಾಕ್ಯ ಸಾಕು ಎನ್ನಿಸಿತು. ಸ್ಪೀಕರ್ ಹಾಕಿ, ನಾನು ಪಕ್ಕದಲ್ಲಿರುವುದನ್ನೂ ಹೇಳಿ, ಅವನೇ ಮಾತಾಡಿದ.

‘ಲೋ, ನನಗೆ ಕೆಲವು ರಾತ್ರಿ ಬದುಕೋದೇ ಬೇಡ ಅನ್ನಿಸುತ್ತೆ ಕಣೋ. ಹಾಗಾದಾಗ ನಿನಗೆ ಫೋನ್ ಮಾಡಬಹುದಾ?’

ಆ ಕಡೆ ಸದ್ದಿಲ್ಲ. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಆಮೇಲೆ ದನಿ ಬಂತು. ‘ಮಾಡೋ. ಆದರೆ ರಾತ್ರಿ ನನ್ನ ಫೋನ್ ಸೈಲೆಂಟಲ್ಲಿರುತ್ತೆ ಕಣೋ. ತಡಿ, ನಿನ್ನ ನಂಬರ್‌ಗೆ ಮಾತ್ರ ರಿಂಗಾಗೋ ಹಾಗೆ ಇಡ್ತೀನಿ.’

ಹಿಂದಿನ ರಾತ್ರಿ ಇವನು ಧೈರ್ಯ ಮಾಡಿ ಕರೆ ಮಾಡಿದ್ದರೂ ಅದು ಕೇಳಿಸುತ್ತಲೇ ಇರಲಿಲ್ಲ ಅಂತಾಯ್ತು. ನನ್ನ ಅಚ್ಚುಕಟ್ಟಾದ ಯೋಜನೆಯ ಗತಿ ಇದು.

ಜೊತೆಯ ಆಪ್ತಸಲಹೆಗಾರರೊಬ್ಬರು ಇದನ್ನು ಒಪ್ಪಲಿಲ್ಲ. ಇಪ್ಪತ್ತು ವರ್ಷದ ಹುಡುಗನ ತಲೆ ಮೇಲೆ ಇನ್ನೊಬ್ಬನ ಜೀವದ ಭಾರ ಹೊರಿಸಿದಿರಿ ಅಂದರು. ಅವರ ಮಾತು ಸುಳ್ಳಲ್ಲ. ಅದಕ್ಕೇ ಆ ಗೆಳೆಯನನ್ನೂ ಕರೆಸಿ, ಇವನ ಎದುರಿಗೇ, ಅವನ ಕೆಲಸ ಏನು, ಏನಲ್ಲ ಅಂತ ಹೇಳಿದೆ. ಫೋನ್ ಎತ್ತಬೇಕು, ಕೇಳಿಸಿಕೊಳ್ಳಬೇಕು, ಒಂಟಿಯಾಗಿ ಬಿಡಬಾರದು. ಹೆದರಿಕೆಯಾದರೆ ಕೂಡಲೇ ವಾರ್ಡನ್‌ಗೋ ಆಸ್ಪತ್ರೆಗೋ ತಿಳಿಸಬೇಕು. ‘ಯಾರಿಗೂ ಹೇಳಬೇಡ’ ಅಂತ ಇವನು ಆಣೆ ಹಾಕಿಸಿದರೂ ಆ ಆಣೆ ಮುರಿಯಬಹುದು. ಉಳಿಸುವ ಹೊಣೆ ಅವನದಲ್ಲ. ಆದರೂ ನನ್ನ ಸಹೋದ್ಯೋಗಿಗೆ ಒಂದು ಮಾತು ಕೇಳಬೇಕು ಅನ್ನಿಸುತ್ತದೆ: ಹೇಳದೆ ಕೇಳದೆ ಅವನ ಹೆಸರನ್ನು ಪಟ್ಟಿಗೆ ಹಾಕಿದಾಗ ಆ ಭಾರ ಇರಲಿಲ್ವಾ?

ಆರನೇ ಹಂತವೂ ಅಷ್ಟೇ. ಅಪಾಯದ ವಸ್ತು ದೂರವಿಡು ಎಂದು ಪರದೆ ಹೇಳಬಹುದು, ತೆಗೆದುಕೊಂಡು ಹೋಗಿ ಇಟ್ಟುಕೊಳ್ಳಲು ಇನ್ನೊಬ್ಬರ ಕೈ ಬೇಕು. ಅವನ ಮಾತ್ರೆಗಳು ಈಗ ವಾರ್ಡನ್ ಹತ್ತಿರ ಇರುತ್ತವೆ, ದಿನಕ್ಕೆ ಬೇಕಾದಷ್ಟೇ ಕೈಗೆ ಸಿಗುತ್ತದೆ. ಅವನೇ ಒಪ್ಪಿ ಕೊಟ್ಟಿದ್ದು.

ಈ ಹಾಳೆಯ ಬಗ್ಗೆ ಹೆಚ್ಚು ಹೇಳಲಾಗುವ ಸಾಕ್ಷ್ಯ 2018ರಲ್ಲಿ ಅಮೆರಿಕದಿಂದ ಬಂದದ್ದು. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಿಗೆ ಯೋಜನೆ ಮಾಡಿಸಿದರು. ಮುಂದಿನ 6 ತಿಂಗಳಲ್ಲಿ ಅವರಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಆದರೆ ಅವರನ್ನು ಬರೀ ಹಾಳೆ ಕೊಟ್ಟು ಕಳಿಸಿರಲಿಲ್ಲ, ಮನೆಗೆ ಹೋದ ಮೇಲೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಆ್ಯಪ್ ಮಾಡುವವರು ಹಾಳೆಯನ್ನು ತೆಗೆದುಕೊಂಡರು, ಆ ಫೋನ್ ಕರೆಯನ್ನು ಅಲ್ಲೇ ಬಿಟ್ಟರು. ನಾನೂ ಅದನ್ನೇ ಮಾಡಿದ್ದೆ.

ಇನ್ನೊಂದು ವಿಷಯ. 2019ರಲ್ಲಿ ಸಂಶೋಧಕರು ಖಿನ್ನತೆ ಮತ್ತು ಆತ್ಮಹತ್ಯೆ ತಡೆಗೆಂದು ಇರುವ 69 ಆ್ಯಪ್‌ಗಳನ್ನು ಪರೀಕ್ಷಿಸಿದಾಗ ಕೆಲವದರಲ್ಲಿ ಸಹಾಯವಾಣಿಯ ನಂಬರ್ರೇ ತಪ್ಪಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆಗಿದ್ದವೂ ಅದರಲ್ಲಿದ್ದವು. ನಿಮ್ಮ ಫೋನಿನಲ್ಲಿ ಇಂಥದ್ದಿದ್ದರೆ, ಮನಸ್ಸು ಸರಿಯಿರುವ ದಿನವೇ ಆ ನಂಬರ್ ಒತ್ತಿ ನೋಡಿ. ಯಾರು ಎತ್ತುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ರಾತ್ರಿ ಸಿಗುತ್ತಾರಾ ಎಂದು ಕೇಳಿಕೊಳ್ಳಿ. ಅಂಥ ಯೋಚನೆ ಈಗಲೇ ಬರುತ್ತಿದ್ದರೆ ಆ್ಯಪ್ ಹುಡುಕುತ್ತಾ ಕೂರಬೇಡಿ. ಹತ್ತಿರವಿರುವ ಒಬ್ಬರಿಗೆ ಈಗಲೇ ಹೇಳಿ, ಅವರ ಜೊತೆಗೇ ಆಸ್ಪತ್ರೆಗೆ ಹೋಗಿ.

ಈಗ ನಾನು ನಾಲ್ಕನೇ ಹಂತದಲ್ಲಿ ಹೆಸರು ಬರೆದ ಕೂಡಲೇ ಐದಕ್ಕೆ ಹೋಗುವುದಿಲ್ಲ. ಆ ಕರೆ ಆಗಬೇಕು. ಕೆಲವರಿಗೆ ಅದಕ್ಕೇ ಎರಡು ಮೂರು ವಾರ ಬೇಕಾಗುತ್ತದೆ. ಅಲ್ಲಿಯವರೆಗೆ ನಾನೇ ದಿನಾ ಒಂದು ಫೋನ್ ಮಾಡುತ್ತೇನೆ.

ಆ ಹುಡುಗ ಒಂದು ರಾತ್ರಿ ಗೆಳೆಯನಿಗೆ ಕರೆ ಮಾಡಿದನಂತೆ. ಜಾಸ್ತಿ ಮಾತೇನೂ ಆಗಲಿಲ್ಲ. ಅವನು ಎರಡು ಮಹಡಿ ಇಳಿದು ಬಂದು ಇವನ ರೂಮಿನಲ್ಲೇ ಚಾಪೆ ಹಾಕಿದ. ‘ಬೆಳಗಿನ ತನಕ ಗೊರಕೆ ಹೊಡೆದ ಮೇಡಂ, ನನಗೆ ನಿದ್ದೇನೇ ಬರಲಿಲ್ಲ’ ಎಂದು ದೂರು ಹೇಳಿದ.