ರೀಪರ್ ಪ್ರಾಜೆಕ್ಟ್ ಬೇರೆ ಲ್ಯಾಪ್‌ಟಾಪಲ್ಲಿ ತೆರೆದ್ರೆ ಎಲ್ಲ ಖಾಲಿ, ವಿಡಿಯೋನೂ ಬರ್ತಿಲ್ಲ, ಏನ್ ಮಾಡೋದು?

ಭಜನೆಯ ವಿಡಿಯೋ ಮೊಬೈಲಲ್ಲಿ, ಆಡಿಯೋ ಬೇರೆ ರೆಕಾರ್ಡರಲ್ಲಿ ತೆಗ್ದು ರೀಪರ್ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಜೋಡಿಸಿದ್ದೀರಿ, ಅದರ ಪ್ರಾಜೆಕ್ಟ್ ಫೈಲನ್ನು, ಅಂದ್ರೆ ಆರ್‌ಪಿಪಿ ಫೈಲನ್ನು, ವಾಶಿಯ ಗೆಳೆಯರಿಗೆ ಕಳಿಸಿದ್ರೆ ಅವರಲ್ಲಿ ಟ್ರ್ಯಾಕೆಲ್ಲ ಖಾಲಿ, ರೆಂಡರ್ (ಎಲ್ಲ ಸೇರಿಸಿ ಒಂದು ಫೈಲ್ ಮಾಡೋದು) ಕೊಟ್ರೆ ಬರೀ ಆಡಿಯೋ ಬರ್ತದೆ ಅಂತ ಕೇಳಿದ್ದೀರಿ. ಗಾಬರಿ ಬೇಡ, ರೆಕಾರ್ಡಿಂಗ್ ನಿಮ್ಮ ಲ್ಯಾಪ್‌ಟಾಪಲ್ಲೇ ಉಂಟು. ನಾನೂ ಇಲ್ಲಿ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಹಾಲಲ್ಲಿ ಶನಿವಾರದ ಭಜನೆ ರೆಕಾರ್ಡ್ ಮಾಡ್ತೇನೆ, ಇದೆಲ್ಲ ಪೆಟ್ಟು ತಿಂದೇ ಕಲಿತದ್ದು.

ಆರ್‌ಪಿಪಿ ಫೈಲ್ ಒಳಗೆ ಒಂದು ಸ್ವರವೂ ಇರೋದಿಲ್ಲ. ಅದು ಟೆಕ್ಸ್ಟ್ ಫೈಲ್, ನೋಟ್‌ಪ್ಯಾಡಲ್ಲಿ ತೆರೆದು ನೋಡಿ, ಯಾವ ಆಡಿಯೋ ಯಾವ ಫೋಲ್ಡರಲ್ಲಿ ಉಂಟು, ಎಲ್ಲಿ ಕಟ್ ಮಾಡಿದ್ದು, ವಾಲ್ಯೂಮ್ ಎಷ್ಟು ಅಂತ ಬರೆದಿಟ್ಟ ಚೀಟಿ ಅಷ್ಟೇ. ಚೀಟಿ ಮಾತ್ರ ಕಳಿಸಿದ್ರೆ ಹಾಡು ಎಲ್ಲಿಂದ ಬರ್ಬೇಕು? ಫೈಲ್ ಮೆನುವಲ್ಲಿ ಸೇವ್ ಪ್ರಾಜೆಕ್ಟ್ ಆ್ಯಸ್ ಒತ್ತಿ, ಆ ವಿಂಡೋದ ಕೆಳಗೆ ಪ್ರಾಜೆಕ್ಟಿಗೆ ಪ್ರತ್ಯೇಕ ಫೋಲ್ಡರ್ ಮಾಡುವ ಟಿಕ್ ಒಂದು, ಎಲ್ಲ ಮೀಡಿಯಾವನ್ನೂ ಅದರೊಳಗೆ ಕಾಪಿ ಮಾಡುವ ಟಿಕ್ ಇನ್ನೊಂದು, ಎರಡೂ ಹಾಕಿ ಸೇವ್ ಮಾಡಿ ಇಡೀ ಫೋಲ್ಡರನ್ನೇ ಕೊಡಿ. ರೀಪೀಕ್ಸ್ ಅಂತ ಕಾಣುವ ಸಣ್ಣ ಫೈಲ್‌ಗಳು ಬೇಕಾಗಿಲ್ಲ, ಅವು ಪರದೆಯಲ್ಲಿ ದನಿಯ ಅಲೆಯ ಚಿತ್ರ ತೋರ್ಸ್ಲಿಕ್ಕೆ, ರೀಪರ್ ತಾನೇ ಮತ್ತೆ ಮಾಡಿಕೊಳ್ತದೆ.

ಸೈಜ್ ಬಗ್ಗೆ ಮೊದ್ಲೇ ಹೇಳ್ತೇನೆ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಮೊನೊ ಟ್ರ್ಯಾಕ್ ಗಂಟೆಗೆ ಸುಮಾರು 518 ಎಂಬಿ, ಅಂದ್ರೆ 8 ಮೈಕಿಗೆ 4 ಜಿಬಿ ದಾಟ್ತದೆ. ಎಫ್‌ಎಟಿ32 ಅಂತ ಫಾರ್ಮ್ಯಾಟ್ ಆದ ಪೆನ್‌ಡ್ರೈವಿಗೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹೋಗೋದಿಲ್ಲ, ಮೊಬೈಲಿನ ಉದ್ದ ವಿಡಿಯೋ ಅಲ್ಲೇ ನಿಲ್ತದೆ, ಅದನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ಕೇಳಿ. ಫೈಲ್ ಮೆನುವಲ್ಲಿ ಪ್ರಾಜೆಕ್ಟ್ ಫೋಲ್ಡರನ್ನು ಕ್ಲೀನ್ ಮಾಡುವ ಆಯ್ಕೆ ಉಂಟು, ಅದು ಈಗ ತೆರೆದ ಪ್ರಾಜೆಕ್ಟಲ್ಲಿ ಬಳಸದ ಫೈಲ್‌ಗಳನ್ನೆಲ್ಲ ಬೇಡದ್ದು ಅಂತ ತೋರಿಸ್ತದೆ. ನಾನು ಎರಡು ವಾರದ ಭಜನೆಯನ್ನು ಒಂದೇ ಫೋಲ್ಡರಲ್ಲಿ ಇಟ್ಟಿದ್ದೆ, ಒಂದನ್ನು ತೆರೆದು ಕ್ಲೀನ್ ಮಾಡಿದೆ, ಇನ್ನೊಂದು ವಾರದ್ದು ಹೋಯ್ತು. ಅದರಲ್ಲಿ ನಮ್ಮ ಭಜನೆಯ ಅಜ್ಜ ಒಬ್ರು ಹಾಡಿದ ದಾಸರ ಪದ ಇತ್ತು, ಆಮೇಲೆ ಅವರು ಊರಿಗೆ ಹೋದ್ರು, ಮತ್ತೆ ಹಾಡ್ಲಿಲ್ಲ. ಇವತ್ತಿಗೂ ಬೇಜಾರಾಗ್ತದೆ. ಅದಕ್ಕೇ ಒಂದು ದಿನಕ್ಕೆ ಒಂದು ಫೋಲ್ಡರ್, ಮೂಲ ರೆಕಾರ್ಡಿಂಗ್ ಬೇರೆ ಹಾರ್ಡ್‌ಡಿಸ್ಕಲ್ಲಿ.

ಇನ್ನು ವಿಡಿಯೋ. ರೆಂಡರ್ ವಿಂಡೋದಲ್ಲಿ ಫಾರ್ಮ್ಯಾಟ್ ವೇವ್ ಇದ್ರೆ ಆಡಿಯೋ ಮಾತ್ರ ಬರೋದು, ಅದನ್ನು ವಿಡಿಯೋ, ಎಫ್‌ಎಫ್‌ಎಂಪೆಗ್ ಅಂತ ಇರೋದಕ್ಕೆ ಬದಲಿಸಿ, ಎಂಪಿ4, ಚಿತ್ರಕ್ಕೆ ಎಚ್.264, ದನಿಗೆ ಎಎಸಿ ಆರಿಸಿ, ಸೈಜ್ ಮತ್ತು ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ನಿಮ್ಮ ಮೂಲ ವಿಡಿಯೋದ್ದೇ ಹಾಕಿ. ಎಚ್.264 ಪಟ್ಟಿಯಲ್ಲಿ ಕಾಣದಿದ್ರೆ ವಿಡಿಯೋ ಬರೆಯುವ ಎಫ್‌ಎಫ್‌ಎಂಪೆಗ್‌ ಸಾಫ್ಟ್‌ವೇರಿನ ಶೇರ್ಡ್ ಲೈಬ್ರರಿ ಫೈಲ್‌ಗಳನ್ನು ರೀಪರಿನ ಯೂಸರ್‌ಪ್ಲಗಿನ್ಸ್ ಫೋಲ್ಡರಿಗೆ ಹಾಕ್ಬೇಕು.

ಆದ್ರೆ ವಿಡಿಯೋದಲ್ಲಿ ಏನೂ ಕಟ್ ಮಾಡದಿದ್ರೆ ನಾನು ಈ ದಾರಿ ಹಿಡಿಯೋದಿಲ್ಲ, ಸುಮ್ನೆ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಿ ಕ್ವಾಲಿಟಿ ಯಾಕೆ ಕಳ್ಕೊಳ್ಬೇಕು. ವಿಡಿಯೋ ಶುರುವಾಗುವಲ್ಲಿಂದ ಮುಗಿಯುವ ತನಕ ಆಡಿಯೋವನ್ನು 48 ಕಿಲೋಹರ್ಟ್ಸಲ್ಲಿ ವೇವ್ ಮಾಡಿ, ಅವಿಡೆಮಕ್ಸ್ ಅನ್ನೋ ವಿಡಿಯೋ ಸಾಫ್ಟ್‌ವೇರಲ್ಲಿ ವಿಡಿಯೋವನ್ನು ಕಾಪಿಗೆ ಇಟ್ಟು ಹಳೇ ಆಡಿಯೋದ ಜಾಗದಲ್ಲಿ ಇದನ್ನು ಕೂರಿಸಿ ಎಎಸಿ ಮಾಡ್ತೇನೆ, ಬೇಗ ಮುಗೀತದೆ.

ಕಳಿಸುವ ಮುಂಚೆ ತಾಳದ ಏಟು ಕೈಗೆ ಸರಿಯಾಗಿ ಕೂತಿದೆಯಾ ನೋಡಿ, ಶುರುವಲ್ಲಿ ಮಾತ್ರ ಅಲ್ಲ, ಕೊನೆಯ ಮಂಗಳದಲ್ಲಿ ನೋಡ್ಬೇಕು. ಎಷ್ಟೋ ಮೊಬೈಲುಗಳ ಫ್ರೇಮ್ ರೇಟ್ ಏರುಪೇರಾಗ್ತದೆ, ರೆಕಾರ್ಡರಿನ ಗಡಿಯಾರವೂ ಬೇರೆ, ಒಂದು ಗಂಟೆಯಲ್ಲಿ ತುಟಿ ಒಂದು ಕಡೆ ದನಿ ಒಂದು ಕಡೆ ಆಗ್ತದೆ. ಹಾಗೆ ಆದ್ರೆ ಮಾತ್ರ, ಮತ್ತೆ ಎನ್‌ಕೋಡ್ ಆದ್ರೂ ಸರಿ, ವಿಡಿಯೋವನ್ನು ಮೊದ್ಲು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಿಸುವ ಸಾಫ್ಟ್‌ವೇರಲ್ಲಿ ಕಾನ್ಸ್ಟಂಟ್, ಅಂದ್ರೆ ಏರುಪೇರಿಲ್ಲದ, ಫ್ರೇಮ್ ರೇಟಿಗೆ ತನ್ನಿ, ಮತ್ತೂ ಸ್ವಲ್ಪ ಜಾರಿದ್ರೆ ರೀಪರಲ್ಲಿ ಆಲ್ಟ್ ಒತ್ತಿ ಹಿಡಿದು ಆಡಿಯೋದ ಕೊನೆಯ ಅಂಚನ್ನು ಎಳೀರಿ, ಮಂಗಳದ ತಾಳಕ್ಕೆ ಸರಿಯಾಗಿ ಬಂದು ಕೂತ್ಕೊಳ್ತದೆ.