ಗಂಡಸರ ತಂಡ ಗಳಿಸಿದ ಹಣವನ್ನು ಕ್ಲಬ್ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡಕ್ಕೆ ಖರ್ಚು ಮಾಡಬೇಕೆ?

ನಿಮ್ಮ ಪ್ರಶ್ನೆಯಲ್ಲಿ ಮೂಡಿಗೆರೆ ಎಂಬ ಹೆಸರನ್ನು ಅಳಿಸಿ ಸಕಲೇಶಪುರ ಎಂದು ಬರೆದರೆ ಅದು ನನ್ನದೇ ಪ್ರಶ್ನೆ. ನಿಮ್ಮ ಮೂಡಿಗೆರೆಯ ಕ್ಲಬ್ಬಿಗೆ ಹುಡುಗಿಯರ ತಂಡ ಸೇರಿಕೊಂಡಿದೆ, ಗಂಡಸರ ದುಡ್ಡನ್ನು ಅದಕ್ಕೆ ಹಾಕುವುದು ನ್ಯಾಯವೇ, ಅವರೇ ಪ್ರಾಯೋಜಕರನ್ನು ಹುಡುಕಿಕೊಳ್ಳಲಿ ಎಂದು ಸಮಿತಿಯಲ್ಲಿ ಅರ್ಧ ಜನ ಹೇಳುತ್ತಿದ್ದಾರೆ, ಭಾನುವಾರ ಸಭೆ. ಅಂಥದ್ದೇ ಒಂದು ಕ್ಲಬ್ಬಿಗೆ ನಾನು ಆರು ವರ್ಷ ಖಜಾಂಚಿಯಾಗಿದ್ದೆ. ಈಗ ಅಲ್ಲಿ ಹುಡುಗಿಯರ ತಂಡ ಇಲ್ಲ. ಇಲ್ಲದಂತೆ ಮಾಡಿದವನು ನಾನು, ಅದೂ ಒಂದು ರಸೀದಿ ಬರೆದು.

ನಮ್ಮದು ಏಳು ಜನರ ಪಂದ್ಯಾವಳಿಗಳನ್ನು ನೆಚ್ಚಿಕೊಂಡ ಕ್ಲಬ್. ಕಾಫಿ ಕೊಯ್ಲು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಹೊನಲು ಬೆಳಕಿನ ಪಂದ್ಯಾವಳಿ, ಆಳೆತ್ತರದ ಟ್ರೋಫಿ, ಪಂದ್ಯಕ್ಕಿಷ್ಟು ಎಂದು ಮಾತಾಡಿ ಮಂಗಳೂರಿನಿಂದ ಕರೆಸಿದ ಅತಿಥಿ ಆಟಗಾರರು. ಹುಡುಗಿಯರ ತಂಡವನ್ನು ಯಾರೂ ಯೋಜನೆ ಹಾಕಿ ಕಟ್ಟಲಿಲ್ಲ. ಹೈಸ್ಕೂಲಿನಲ್ಲಿ ವಾಲಿಬಾಲ್ ನೆಟ್ ಹರಿದುಹೋದ ವರ್ಷ, ಹೊಸದು ಬರುವವರೆಗೆ ಆಡಿಕೊಂಡಿರಲಿ ಎಂದು ಪಿ.ಟಿ. ಮೇಷ್ಟರು ಹುಡುಗಿಯರಿಗೆ ಫುಟ್‌ಬಾಲ್ ಕೊಟ್ಟರು. ನೆಟ್ ಬರಲೇ ಇಲ್ಲ. ಎರಡು ವರ್ಷದಲ್ಲಿ ಮೇಷ್ಟರಿಗೆ ವರ್ಗವಾಯಿತು, ಹದಿನಾರು ಹುಡುಗಿಯರು ಚೆಂಡು ಹಿಡಿದುಕೊಂಡು ನಮ್ಮ ಕ್ಲಬ್ಬಿಗೆ ಬಂದರು. ಅರ್ಧದಷ್ಟು ಮಂದಿ ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳ ಮಕ್ಕಳು. ನಾವು ಬೇಡ ಎನ್ನಲಿಲ್ಲ, ಬನ್ನಿ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಗಂಡಸರು ಬಿಟ್ಟ ಹಳೆಯ ಬೂಟುಗಳನ್ನು ಮೂಟೆ ಕಟ್ಟಿ ಕೊಟ್ಟೆವು. ಎಂಟನೇ ನಂಬರಿನ ಬೂಟಿನೊಳಗೆ ನಾಲ್ಕನೇ ನಂಬರಿನ ಕಾಲು, ಮುಂದಿನ ಖಾಲಿ ಜಾಗಕ್ಕೆ ಹಳೆಯ ಬಟ್ಟೆ. ಓಡುವಾಗ ಪಟಪಟ ಸದ್ದು ಬರುತ್ತಿತ್ತು. ನಾವು ನಗುತ್ತಿದ್ದೆವು.

ಆ ಸದ್ದನ್ನು ಕೇಳಿಯೂ ನಗದವರು ಒಬ್ಬರೇ, ನಮ್ಮ ಕಡೆಯ ಒಬ್ಬ ಬೆಳೆಗಾರರು. ಮರುದಿನ ನನ್ನ ಅಂಗಡಿಗೆ ಬಂದು (ನನ್ನದು ಬೈಕಿನ ಬಿಡಿಭಾಗಗಳ ಅಂಗಡಿ) 50,000 ರೂಪಾಯಿ ಎಣಿಸಿ, 'ಆ ಹುಡುಗಿಯರಿಗೆ ಬೂಟು ತೆಗೆಸಿಕೊಡಿ, ಬೆಂಗಳೂರಿಗೆ ಒಂದು ಪಂದ್ಯಾವಳಿಗೆ ಕರೆದುಕೊಂಡು ಹೋಗಿ' ಎಂದರು. ನಾನು ರಸೀದಿ ಪುಸ್ತಕ ತೆಗೆದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ರಸೀದಿಯಲ್ಲಿ ಹೆಸರು, ಮೊತ್ತ, ದಿನಾಂಕ, ಅದರ ಕೆಳಗೆ 'ಬಾಬ್ತು' ಎಂದು ಒಂದು ಸಾಲು. ಆ ಸಾಲಿನಲ್ಲಿ ನಾನು 'ಕ್ಲಬ್ ಅಭಿವೃದ್ಧಿಗೆ' ಎಂದು ಬರೆದೆ. ಮೋಸದ ಉದ್ದೇಶ ಇರಲಿಲ್ಲ, ಎಲ್ಲ ರಸೀದಿಗೂ ಹಾಗೇ ಬರೆಯುತ್ತಿದ್ದೆ, ಕೈಗೆ ಅದೇ ಅಭ್ಯಾಸ. ಎದುರಿಗೆ ಗಿರಾಕಿ ಬೇರೆ ಕ್ಲಚ್ ಕೇಬಲ್ ಕೇಳುತ್ತಾ ನಿಂತಿದ್ದ. 'ಹುಡುಗಿಯರ ತಂಡಕ್ಕೆ' ಎಂಬ ಎರಡು ಪದ ಬರೆಯಲು ಎಷ್ಟು ಹೊತ್ತು ಬೇಕು? ಅವರೂ ಓದದೆ ಮಡಚಿ ಜೇಬಿಗೆ ಇಟ್ಟುಕೊಂಡರು. ದುಡ್ಡು ಕ್ಲಬ್ಬಿನ ಒಂದೇ ಖಾತೆಗೆ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಜಮಾ ಕಡೆ ದೇಣಿಗೆಗಳ ಸಾಲಿನಲ್ಲಿ ಅದೂ ಒಂದು ದೇಣಿಗೆಯಾಗಿ ಕುಳಿತುಕೊಂಡಿತು. ಯಾರ ದುಡ್ಡು, ಯಾತಕ್ಕೆ ಬಂದದ್ದು ಎಂಬುದು ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ತಲೆಯಲ್ಲಿರುವ ಲೆಕ್ಕವನ್ನು ಸಮಿತಿ ಸಭೆಯಲ್ಲಿ ಯಾರೂ ಒಪ್ಪುವುದಿಲ್ಲ.

ಖರ್ಚಿನ ಪಟ್ಟಿಯನ್ನೂ ನಾನೇ ಹಾಕಿದ್ದೆ. ಹದಿನಾರು ಜೊತೆ ಬೂಟು 900ರಂತೆ 14,400. ಜೆರ್ಸಿ 350ರಂತೆ 5,600. ಮಿನಿ ಬಸ್ಸಿಗೆ 18,000. ಊಟ, ವಸತಿಗೆ 12,000. ಸರಿಯಾಗಿ ಐವತ್ತು ಸಾವಿರ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಪಂದ್ಯಾವಳಿ ಹತ್ತಿರ ಬಂತು. ದೀಪ, ಜನರೇಟರಿನವರಿಗೆ ಮುಂಗಡ ಕೊಡಬೇಕು, ಅತಿಥಿ ಆಟಗಾರರಿಗೆ ಕೊಡಬೇಕು. ಖಾತೆಯಲ್ಲಿ ದುಡ್ಡು ಇದೆಯಲ್ಲ ಎಂದರು ಕಾರ್ಯದರ್ಶಿ. ಅದು ಹುಡುಗಿಯರದು ಎಂದೆ. ಎಲ್ಲಿ ಬರೆದಿದೆ ತೋರಿಸಿ ಎಂದರು. ತೋರಿಸಲು ಏನಿತ್ತು? ಟಿಕೆಟ್ ಹಣ ಬಂದ ಕೂಡಲೇ ವಾಪಸ್ ಹಾಕೋಣ, ಹತ್ತು ದಿನದ ಮಾತು ಎಂದು ನಾನೇ ಚೆಕ್ಕಿಗೆ ಸಹಿ ಮಾಡಿದೆ. ಅವತ್ತು ಆಗುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದ್ದರೆ ನಿಲ್ಲುತ್ತಿತ್ತೇನೋ. ಆದರೆ ಹೇಳುವುದಕ್ಕೆ ನನ್ನ ಕೈಯಲ್ಲಿ ಕಾಗದ ಇರಲಿಲ್ಲ, ಕಾಗದ ಇಲ್ಲದಂತೆ ಮಾಡಿದವನೂ ನಾನೇ. ಮತ್ತೆ ಮತ್ತೆ ಆ ರಸೀದಿಗೇ ಬರುತ್ತಿದ್ದೇನೆ, ಕ್ಷಮಿಸಿ.

ಎರಡನೇ ರಾತ್ರಿ ಎಂಟೂವರೆಗೆ ಮಳೆ ಬಂತು. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ. ಅದು ಹೊತ್ತಿಗೆ ಸರಿಯಾಗಿ ಬಿದ್ದರೆ ಕಾಫಿ ಸೀಮೆಯಲ್ಲಿ ಹಬ್ಬ, ನಿಮಗೆ ಹೇಳಬೇಕಾಗಿಲ್ಲ. ಷಾಮಿಯಾನದ ಕೆಳಗೆ ಕುಳಿತಿದ್ದ ಬೆಳೆಗಾರರು ಎದ್ದು ನಿಂತು ಒಬ್ಬರಿಗೊಬ್ಬರು ಕೈಕುಲುಕಿದರು. ನಾನು ಟಿಕೆಟ್ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಜನರೇಟರ್ ಮೇಲೆ ತಾಡಪಾಲು ಎಳೆಯುತ್ತಿದ್ದೆ. ಮೂರನೇ ದಿನ ಮೈದಾನ ಗದ್ದೆಯಾಗಿತ್ತು. ಟಿಕೆಟ್ ಹಣ ಷಾಮಿಯಾನದ ಬಾಡಿಗೆಗೂ ಸಾಲಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಹುಡುಗಿಯರ ನಾಯಕಿ ಅಂಗಡಿಗೆ ಬಂದಳು. ಹತ್ತನೇ ತರಗತಿಯವಳು. ಹದಿನಾರು ಜನರ ಹೆಸರು, ಎದುರಿಗೆ ಬೂಟಿನ ನಂಬರು ಬರೆದ ನೋಟ್ ಪುಸ್ತಕದ ಹಾಳೆ ಕೊಟ್ಟಳು. ಮೂರು, ನಾಲ್ಕು, ನಾಲ್ಕು, ಐದು. ಗೋಲ್‌ಕೀಪರ್ ಒಬ್ಬಳದು ಆರು, ಅದಕ್ಕೆ ಅಡಿಗೆರೆ. ನಾನು ನೋಡೋಣ ಕಣಮ್ಮ ಎಂದು ಅದನ್ನು ಬಿಲ್ಲು ಚುಚ್ಚುವ ತಂತಿಗೆ ಚುಚ್ಚಿದೆ. ಅವಳು ಅಲ್ಲೇ ನಿಂತಿದ್ದಳು.

'ಬೂಟು ಯಾವಾಗ ಬರುತ್ತದೆ ಅಣ್ಣ?'

'ಈ ಸಲ ಕಷ್ಟ ಆಗಬಹುದು.'

'ಬಸ್ಸು?'

ನಾನು ಉತ್ತರ ಕೊಡದೆ ಡ್ರಾಯರಿನಲ್ಲಿ ಏನನ್ನೋ ಹುಡುಕುವವನಂತೆ ಮಾಡಿದೆ. ಅವಳಿಗೆ ಅರ್ಥವಾಯಿತು. 'ಹಾಗಾದರೆ ಆ ಚೀಟಿ ಕೊಡಿ ಅಣ್ಣ, ಹಿಂದುಗಡೆ ನನ್ನ ವಿಜ್ಞಾನದ ನೋಟ್ಸ್ ಇದೆ' ಎಂದು ತಾನೇ ತಂತಿಯಿಂದ ಬಿಡಿಸಿಕೊಂಡು, ತೂತಾದ ಕಡೆ ಬೆರಳಿನಿಂದ ಒತ್ತಿ ಸರಿಮಾಡಿಕೊಂಡು ಹೋದಳು.

ಜಗಳ, ಅಳು ಏನೂ ಆಗಲಿಲ್ಲ. ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಒಬ್ಬೊಬ್ಬರಾಗಿ ಬರುವುದು ನಿಂತಿತು. ಬೆಳೆಗಾರರಿಗೆ ವಿಷಯ ತಿಳಿದು ಅಂಗಡಿಗೆ ಬಂದರು, ರಸೀದಿಯ ಅಡಿಪ್ರತಿ ಕೇಳಿದರು, ಕನ್ನಡಕ ಹಾಕಿಕೊಂಡು ಓದಿದರು. 'ನೀವು ಬರೆದ ಪ್ರಕಾರ ಎಲ್ಲ ಸರಿಯಾಗಿಯೇ ಇದೆ' ಎಂದು ಪುಸ್ತಕ ವಾಪಸ್ ಕೊಟ್ಟು ಹೋದರು. ಮರುವರ್ಷದಿಂದ ಅವರ ಮನೆಯಿಂದಾಗಲಿ, ಅವರ ನೆಂಟರ ಮನೆಗಳಿಂದಾಗಲಿ ಗಂಡಸರ ತಂಡಕ್ಕೂ ಬಿಡಿಗಾಸು ಬರಲಿಲ್ಲ. ನಾನು ಕೈಯಿಂದ 50,000 ತುಂಬಿದೆ. ತುಂಬಿದಾಗ ತಂಡ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. 'ಗಂಡಸರ ತಂಡ ಗಳಿಸಿದ ಹಣ' ಎಂದು ಬರೆದಿದ್ದೀರಿ. ಅಂಥ ಹಣ ನಿಮ್ಮ ಕ್ಲಬ್ಬಿನಲ್ಲಿ ಇದೆಯೇ? ಖಜಾಂಚಿ ಕೆಲಸ ಬಿಟ್ಟ ಮೇಲೆ ಒಂದು ದಿನ ಕುಳಿತು ಆರು ವರ್ಷದ ಲೆಕ್ಕ ಕೂಡಿದೆ. ಒಂದು ವರ್ಷವೂ ನಮ್ಮ ಗಂಡಸರ ತಂಡ ಗೆದ್ದ ಬಹುಮಾನದ ಹಣ ಅತಿಥಿ ಆಟಗಾರರಿಗೆ ಕೊಟ್ಟದ್ದನ್ನು ದಾಟಿರಲಿಲ್ಲ. ಕೊರತೆಯನ್ನು ತುಂಬಿದ್ದು ದೇಣಿಗೆ. ದೇಣಿಗೆ ಕೊಟ್ಟವರು ಊರಿನವರು, ಆ ಊರಿನಲ್ಲಿ ಹುಡುಗಿಯರ ತಂದೆತಾಯಂದಿರೂ ಇದ್ದರು. ಗಂಡಸರಿಗೆ ಖರ್ಚಾದರೆ ಅದು ಕ್ಲಬ್ ನಡೆಸುವುದು, ಹುಡುಗಿಯರಿಗೆ ಖರ್ಚಾದರೆ ಅದು ದಾನ. ನಾವು ಲೆಕ್ಕ ಬರೆದದ್ದೇ ಹೀಗೆ. ಸಭೆಗೆ ಮೊದಲು ನಿಮ್ಮ ಪುಸ್ತಕವನ್ನೂ ಒಮ್ಮೆ ಕೂಡಿ ನೋಡಿ, ಆಮೇಲೆ ನ್ಯಾಯದ ಮಾತು ಆಡೋಣ.

ದೊಡ್ಡ ಕ್ಲಬ್ಬುಗಳ ಕಥೆಯೂ ಬೇರೆಯಲ್ಲ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಎದುರಿನ ಪಂದ್ಯ ನೆನಪಿದೆಯೇ? ಸುನಿಲ್ ಛೆಟ್ರಿ ಹೊಡೆದ ಫ್ರೀ ಕಿಕ್ ಗೋಲಾಯಿತೆಂದು ಸಿಟ್ಟಾಗಿ ಕೇರಳ ಬ್ಲಾಸ್ಟರ್ಸ್ ಆಟ ಬಿಟ್ಟು ಹೊರನಡೆಯಿತು. ಫುಟ್‌ಬಾಲ್ ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು. ಜೂನ್‌ನಲ್ಲಿ ಆ ಕ್ಲಬ್ ದಂಡದ ಹೊರೆಯನ್ನೇ ಕಾರಣ ಕೊಟ್ಟು, ಹಿಂದಿನ ವರ್ಷವಷ್ಟೇ ಕಟ್ಟಿದ್ದ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮೈದಾನ ಬಿಟ್ಟವರು ಗಂಡಸರು, ಆಟ ಕಳೆದುಕೊಂಡವರು ಹೆಂಗಸರು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಜನರೇಟರ್ ನೆನಪಾಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಹಣವಂತ ಕ್ಲಬ್ಬೇ 2005ರಲ್ಲಿ ಮಹಿಳಾ ತಂಡವನ್ನು ಮುಚ್ಚಿ, ಮತ್ತೆ ಕಟ್ಟಲು 2018ರವರೆಗೆ ಕಾಯಿತು. ಹದಿಮೂರು ವರ್ಷವೆಂದರೆ ಒಬ್ಬ ಆಟಗಾರ್ತಿಯ ಆಟದ ಆಯುಷ್ಯ ಪೂರ್ತಿ.

ಹುಡುಗಿಯರ ಆಟ ನೋಡಲು ಜನ ಬರುವುದಿಲ್ಲ ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ಡಿಕ್ ಕೆರ್ ತಂಡದ ಆಟಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನದಲ್ಲಿ ಹೆಂಗಸರು ಆಡಕೂಡದು ಎಂದು ನಿಷೇಧ ಹಾಕಿತು. ಅದು ತೆರವಾಗಲು ಸುಮಾರು ಐವತ್ತು ವರ್ಷ ಬೇಕಾಯಿತು. ಮೈದಾನ ಕಿತ್ತುಕೊಂಡು ಆಮೇಲೆ ಜನ ಎಲ್ಲಿ ಎಂದು ಕೇಳುವುದು ಹಳೆಯ ಚಾಳಿ. ನಿಮ್ಮ ಜಿಲ್ಲೆಯವರೇ ಆದ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದಾಗ ಟಿವಿ ಮುಂದಿನಿಂದ ಏಳದೆ ನೋಡಿದವರು ನಾವೇ ತಾನೇ? ಅದು ಕ್ರಿಕೆಟ್ ಎನ್ನುತ್ತೀರಿ. ಇರಲಿ.

ಮೈದಾನ ಎಂದಾಗ ಇನ್ನೊಂದು ಮಾತು. ನಮ್ಮಲ್ಲಿ ನಾಲ್ಕರಿಂದ ಆರು ಗಂಡಸರ ಅಭ್ಯಾಸದ ಹೊತ್ತು, ಹುಡುಗಿಯರು ಬೆಳಿಗ್ಗೆ ಆರಕ್ಕೆ ಅಥವಾ ಸಂಜೆ ಆರರ ಮೇಲೆ ಬರಬಹುದು ಎಂದಿದ್ದೆವು. ಇಂಥ ತೋಟದಲ್ಲಿ ಆನೆ ಇದೆ, ಆ ಕಡೆ ಹೋಗಬೇಡಿ ಎಂದು ಮೊಬೈಲಿಗೆ ಸಂದೇಶ ಬರುವ ಸೀಮೆ ನಮ್ಮದು. ಮಬ್ಬುಗತ್ತಲಲ್ಲಿ ತೋಟದ ದಾರಿ ತುಳಿದು ಬಾ ಎಂದು ಹದಿನೈದರ ಹುಡುಗಿಗೆ ಹೇಳುವುದೂ, ಬರಬೇಡ ಎನ್ನುವುದೂ ಒಂದೇ. ಆದ್ದರಿಂದ ದುಡ್ಡಿನ ಮಾತಿಗಿಂತ ಮೊದಲು ವಾರಕ್ಕೆ ಮೂರು ದಿನ ನಾಲ್ಕು ಗಂಟೆಯ ಹೊತ್ತನ್ನು ಅವರಿಗೆ ಬಿಟ್ಟುಕೊಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ನಿಮ್ಮ ಸಭೆಯಲ್ಲಿ ಅತಿ ಹೆಚ್ಚು ಕೂಗಾಟ ಆಗುವುದು ಇದಕ್ಕೇ.

ಸಮಪಾಲು ಕೊಡಿ ಎಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನ ಲೂಯಿಸ್ ಎಂಬ ಪುಟ್ಟ ಊರಿನ ಕ್ಲಬ್ 2017ರಲ್ಲಿ ಎರಡೂ ತಂಡಕ್ಕೆ ಸಮನಾಗಿ ಹಣ ಕೊಡುವ ತೀರ್ಮಾನ ಮಾಡಿತ್ತು, ನಿಮಗೆ ಆ ಧೈರ್ಯ ಇದ್ದರೆ ಸಂತೋಷ. ನಾನು ಕೇಳುವುದು ಕಡಿಮೆ: ಎಷ್ಟು ಕೊಡುತ್ತೀರೋ ಅಷ್ಟು ವರ್ಷದ ಆರಂಭದಲ್ಲೇ, ಗಂಡಸರ ಮೊದಲ ಚೆಕ್ಕಿಗಿಂತ ಮುಂಚೆ, ಬೇರೆ ಖಾತೆಗೆ ಹೋಗಲಿ. 'ಉಳಿದರೆ ಕೊಡೋಣ' ಎಂದು ನಡಾವಳಿಯಲ್ಲಿ ಬರೆಯಲು ಬಿಡಬೇಡಿ, ಉಳಿಯುವುದಿಲ್ಲ. ಸಹಿ ಮಾಡುವ ಇಬ್ಬರಲ್ಲಿ ಒಬ್ಬರು ಆ ಹುಡುಗಿಯರ ಪೈಕಿ ಯಾರದಾದರೂ ತಾಯಿ ಇರಲಿ. ಅವರೇ ಪ್ರಾಯೋಜಕರನ್ನು ಹುಡುಕಿಕೊಳ್ಳಲಿ ಎಂಬ ಮಾತನ್ನಂತೂ ಕೈಬಿಡಿ. ಊರಿನ ಅಂಗಡಿ ಅಂಗಡಿಗೆ ಹೋಗಿ ಕೈಚಾಚಲು ನಿಮಗೇ ನಾಚಿಕೆ, ಹತ್ತನೇ ತರಗತಿಯ ಹುಡುಗಿಯನ್ನು ಕಳಿಸುತ್ತೀರಾ?

ಮತ್ತೆ ಆ ರಸೀದಿ. ಹುಡುಗಿಯರ ತಂಡಕ್ಕೆ ಬೇರೆ ಪುಸ್ತಕವನ್ನೇ ಮುದ್ರಿಸಿ, ಬಾಬ್ತಿನ ಸಾಲನ್ನು ಖಾಲಿ ಬಿಡದೆ ಅಚ್ಚಿನಲ್ಲೇ ಹಾಕಿಸಿ, ಹಾಳೆಯ ಬಣ್ಣವೂ ಬೇರೆ ಇರಲಿ. ಇವತ್ತು ಕೊಟ್ಟರೆ ಭಾನುವಾರದೊಳಗೆ ಕೈಗೆ ಬರುತ್ತದೆ. ಮೊದಲ ರಸೀದಿಯನ್ನು ನನ್ನ ಹೆಸರಿಗೆ ಹರಿಯಿರಿ, ಗೋಲ್‌ಕೀಪರಿನ ಬೂಟಿನ ದುಡ್ಡು ನಾನು ಕಳಿಸುತ್ತೇನೆ. ನಂಬರು ಕೇಳಿ ತಿಳಿಸಿ.