ಫೈರ್‌ವಾಲ್ ಆಫ್ ಮಾಡಿದರೆ ಮಾತ್ರ ಪ್ರಿಂಟ್ ಬರುತ್ತೆ, ಏನ್ಮಾಡ್ಲಿ?

ಈ ಸಲದ ಪ್ರಶ್ನೆಗಳಲ್ಲಿ ಪ್ರಿಂಟರ್‌ನದೇ ಜಾಸ್ತಿ. ಅದರಲ್ಲೂ ಮೊದಲನೆಯದನ್ನು ಕಳಿಸಿದವರು ಏನಾಯಿತು, ಯಾವಾಗಿನಿಂದ ಆಯಿತು ಎಂದು ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದರೆ ಅರ್ಧ ಉತ್ತರ ಪ್ರಶ್ನೆಯಲ್ಲೇ ಸಿಕ್ಕಿತು. ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಮ್ಮದು ಚಿಕ್ಕ ಆಫೀಸು, ಆರು ಕಂಪ್ಯೂಟರ್ ಇವೆ. ಅಕೌಂಟ್ಸ್ ನೋಡುವವರ ಕಂಪ್ಯೂಟರಿಗೆ ಲೇಸರ್ ಪ್ರಿಂಟರನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಎಲ್ಲರಿಗೂ ಶೇರ್ ಮಾಡಿದ್ದೆವು. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಕಳೆದ ತಿಂಗಳು ರೂಟರ್ ಕೆಟ್ಟು ಹೊಸದು ಹಾಕಿಸಿದೆವು. ಅವತ್ತಿನಿಂದ ಆ ಒಂದು ಕಂಪ್ಯೂಟರ್ ಬಿಟ್ಟು ಬೇರೆ ಯಾವುದರಿಂದಲೂ ಪ್ರಿಂಟ್ ಹೋಗುತ್ತಿಲ್ಲ. ರಿಪೇರಿಗೆ ಬಂದವರು ಅದರ ಫೈರ್‌ವಾಲ್ ಆಫ್ ಮಾಡಿದರು, ತಕ್ಷಣ ಎಲ್ಲ ಕಡೆಯಿಂದ ಪ್ರಿಂಟ್ ಬಂತು. 'ಹೀಗೇ ಇರಲಿ ಬಿಡಿ, ರೂಟರ್‌ನಲ್ಲಿ ಬೇರೆ ಫೈರ್‌ವಾಲ್ ಇದ್ದೇ ಇರುತ್ತೆ' ಎಂದು ಹೇಳಿ ಹೋದರು. ಹೀಗೇ ಬಿಡಬಹುದಾ?

ಉತ್ತರ: ಬೇಡ. ಇದನ್ನು ಓದಿ ಮುಗಿಸುವ ಮೊದಲೇ ಎದ್ದು ಹೋಗಿ ಆನ್ ಮಾಡಿ ಬನ್ನಿ. ಪ್ರಿಂಟ್ ಅರ್ಧ ಗಂಟೆ ಕಾಯುತ್ತದೆ.

ಬಂದವರು ಮಾಡಿದ್ದು ಪೂರ್ತಿ ತಪ್ಪೂ ಅಲ್ಲ. ಫೈರ್‌ವಾಲನ್ನು, ಅಂದರೆ ಹೊರಗಿನಿಂದ ಬರುವುದನ್ನು ತಡೆಯುವ ಕಾವಲನ್ನು, ಒಂದು ನಿಮಿಷ ಆಫ್ ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ. ಆ ಒಂದು ನಿಮಿಷದಲ್ಲಿ ಪ್ರಿಂಟರ್ ಸರಿ ಇದೆ, ಕೇಬಲ್ ಸರಿ ಇದೆ, ಡ್ರೈವರ್ ಸರಿ ಇದೆ, ಶೇರ್ ಮಾಡಿದ ಹೆಸರೂ ಸರಿ ಇದೆ ಅಂತ ನಾಲ್ಕು ಅನುಮಾನ ಒಟ್ಟಿಗೇ ತೀರಿದವು. ಆದರೆ ಪರೀಕ್ಷೆ ಮುಗಿಸಿ ಹಾಗೇ ಎದ್ದು ಹೋದರು ನೋಡಿ, ಅದು ಎಡವಟ್ಟು. ರೂಟರ್‌ನ ಫೈರ್‌ವಾಲ್ ಇಂಟರ್ನೆಟ್ ಕಡೆಯಿಂದ ಬರುವುದನ್ನು ತಡೆಯುತ್ತದೆ, ನಿಜ. ಆದರೆ ಆರರಲ್ಲಿ ಯಾರೋ ಒಬ್ಬರು ಕೆಟ್ಟ ಅಟ್ಯಾಚ್‌ಮೆಂಟ್ ತೆರೆದರು ಅಂದುಕೊಳ್ಳಿ. ಅಲ್ಲಿ ಸೇರಿದ ವೈರಸ್ ಪಕ್ಕದ ಮೇಜಿಗೆ ಹೋಗಲು ರೂಟರ್‌ನ ಫೈರ್‌ವಾಲ್ ದಾಟಬೇಕಿಲ್ಲ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹಬ್ಬಿದ್ದು ಹೀಗೆಯೇ, ಒಂದರಿಂದ ಇನ್ನೊಂದಕ್ಕೆ, 445 ಎಂಬ ಪೋರ್ಟ್ (ಒಂದೊಂದು ಕೆಲಸಕ್ಕೆ ಕಂಪ್ಯೂಟರಿನಲ್ಲಿರುವ ನಂಬರ್ ಹಾಕಿದ ಬಾಗಿಲು) ಮೂಲಕ. ವಿಂಡೋಸ್‌ನಲ್ಲಿ ಫೈಲು ಶೇರ್ ಆಗುವುದೂ, ಹಳೆಯ ಆವೃತ್ತಿಗಳಲ್ಲಿ ಪ್ರಿಂಟರು ಶೇರ್ ಆಗುವುದೂ ಇದೇ 445ರಲ್ಲಿ. ಅದೂ ಇಡೀ ಆಫೀಸಿನಲ್ಲಿ ಬೇಲಿ ಕಿತ್ತಿರುವುದು ಅಕೌಂಟ್ಸ್ ಕಂಪ್ಯೂಟರಿಗೆ!

ಈಗ ಅಸಲಿ ಕಾರಣಕ್ಕೆ ಬರೋಣ. ಫೈರ್‌ವಾಲ್ ಎಲ್ಲವನ್ನೂ ತಡೆಯುವುದಿಲ್ಲ. ನಿಮ್ಮ ಕಂಪ್ಯೂಟರ್ ತಾನಾಗಿ ಹೊರಗೆ ಏನಾದರೂ ಕೇಳಿದರೆ ಬಿಡುತ್ತದೆ, ಅದಕ್ಕೆ ಬರುವ ಉತ್ತರವನ್ನೂ ಒಳಗೆ ಬಿಡುತ್ತದೆ. ಕೇಳದೇ ಇದ್ದಾಗ ಹೊರಗಿನಿಂದ ಯಾರಾದರೂ ಬಂದು ಬಾಗಿಲು ತಟ್ಟಿದರೆ ಮಾತ್ರ ತಕರಾರು. ನಿಮ್ಮಲ್ಲಿ ಐದು ಕಂಪ್ಯೂಟರುಗಳು ಪ್ರಿಂಟ್ ಕಳಿಸುವಾಗ ತಟ್ಟುವುದು ಪ್ರಿಂಟರಿನ ಬಾಗಿಲನ್ನಲ್ಲ, ಅಕೌಂಟ್ಸ್ ಕಂಪ್ಯೂಟರಿನ ಬಾಗಿಲನ್ನು. ಹಾಗಾಗಿ ಸರಿ ಮಾಡಬೇಕಿರುವುದು ಅದೊಂದನ್ನೇ, ಉಳಿದ ಐದನ್ನು ಮುಟ್ಟುವುದೇ ಬೇಡ. ಪ್ರಿಂಟರ್ ತೊಂದರೆ ಬಂದಾಗೆಲ್ಲ 'ಯಾರು ಯಾರ ಬಾಗಿಲು ತಟ್ಟುತ್ತಿದ್ದಾರೆ' ಅಂತ ಮೊದಲು ಕೇಳಿಕೊಳ್ಳಿ, ಕೆಳಗಿನ ಪ್ರಶ್ನೆಗಳಲ್ಲೂ ಇದೇ ಬರುತ್ತದೆ.

ರೂಟರ್ ಬದಲಾದ ದಿನದಿಂದ ಶುರುವಾಯಿತು ಎಂದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ತಾನು ಯಾವ ನೆಟ್‌ವರ್ಕ್‌ನಲ್ಲಿದ್ದೇನೆ ಎಂದು ಗುರುತು ಹಿಡಿಯಲು ವಿಂಡೋಸ್ ರೂಟರಿನ ಮ್ಯಾಕ್ ವಿಳಾಸವನ್ನೂ (ಪ್ರತಿ ಉಪಕರಣಕ್ಕೂ ಇರುವ ಗುರುತಿನ ಸಂಖ್ಯೆ) ನೋಡುತ್ತದೆ. ರೂಟರ್ ಬದಲಾದರೆ ಗೋಡೆ ಅದೇ, ಕೇಬಲ್ ಅದೇ, ಆದರೆ ವಿಂಡೋಸ್ ಪಾಲಿಗೆ ಅದು ಹೊಸ ಜಾಗ. 'ನೆಟ್‌ವರ್ಕ್ 2' ಅಂತ ಹೊಸ ಹೆಸರು ಕೊಟ್ಟು, ಗೊತ್ತಿಲ್ಲದ ಜಾಗ ಅಲ್ವಾ ಅಂತ ಸುಮ್ನೆ 'ಪಬ್ಲಿಕ್' ಪಟ್ಟಿಗೆ ಸೇರಿಸಿಬಿಡುತ್ತದೆ. ಹಳೆಯ ರೂಟರ್ ಇದ್ದಾಗ ಯಾರೋ ಒಮ್ಮೆ 'ಪ್ರೈವೇಟ್' ಎಂದು ಆರಿಸಿ, ಪ್ರಿಂಟರ್ ಶೇರಿಂಗ್‌ಗೆ ಅನುಮತಿ ಕೊಟ್ಟಿರುತ್ತಾರೆ. ಆ ಅನುಮತಿ ಈಗಲೂ ಹಾಗೇ ಇದೆ, ಆದರೆ ಪ್ರೈವೇಟ್‌ಗೆ ಮಾತ್ರ.

ಹಾಗಾಗಿ ಮೊದಲು ಅಕೌಂಟ್ಸ್ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರಲ್ಲಿ ಈಥರ್ನೆಟ್ ಅಥವಾ ವೈಫೈ ತೆರೆದು 'ಪ್ರೈವೇಟ್ ನೆಟ್‌ವರ್ಕ್' ಆರಿಸಿ. ಹತ್ತರಲ್ಲಿ ಎಂಟು ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ ಎಂಬುದು ನನ್ನ ಅನುಭವ. ಮುಗಿಯದಿದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ತೆರೆದು, ಎಡಗಡೆ 'ಅಲೌ ಆ್ಯನ್ ಆ್ಯಪ್' ಎಂದು ಶುರುವಾಗುವ ಸಾಲನ್ನು ಒತ್ತಿ. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಹುಡುಕಿ. ಮುಂದೆ ಎರಡು ಚೌಕ ಇವೆ, ಪ್ರೈವೇಟ್ ಮತ್ತು ಪಬ್ಲಿಕ್. ಪ್ರೈವೇಟ್‌ಗೆ ಮಾತ್ರ ಟಿಕ್ ಹಾಕಿ. 'ಎರಡೂ ಇರಲಿ, ಸೇಫ್' ಅಂತ ಪಬ್ಲಿಕ್‌ಗೂ ಹಾಕಿದಿರೋ, ಆ ಕಂಪ್ಯೂಟರ್ ಲ್ಯಾಪ್‌ಟಾಪ್ ಆಗಿದ್ದರೆ ನಾಳೆ ಯಾವುದೋ ಕಾಯುವ ಕೋಣೆಯ ವೈಫೈನಲ್ಲೂ ಬಾಗಿಲು ತೆರೆದೇ ಕೂತಿರುತ್ತದೆ.

ಕೆಲವರು ಈ ಟಿಕ್ ಬಿಟ್ಟು ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಕೈಯಾರೆ 445 ಒಂದನ್ನೇ ತೆರೆಯುತ್ತಾರೆ. ಮೊದಲು ಅದರಲ್ಲೇ ನಡೆಯುತ್ತಿತ್ತು. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಪ್ರಿಂಟ್ ಕಳಿಸುವ ದಾರಿ ಬದಲಾಗಿದೆ. ಮೊದಲು 135ಕ್ಕೆ ಹೋಗಿ ವಿಚಾರಿಸುತ್ತದೆ, ಆಮೇಲೆ 49152ರಿಂದ 65535ರ ಒಳಗೆ ಸ್ಪೂಲರ್ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ ಕಳಿಸುವ ವಿಂಡೋಸ್ ಭಾಗ) ಯಾವ ಪೋರ್ಟ್ ಹಿಡಿದಿದೆಯೋ ಅಲ್ಲಿಗೆ ಹೋಗುತ್ತದೆ. ಇದನ್ನು ಕೈಯಾರೆ ತೆರೆಯಲು ಹೊರಟರೆ ಹದಿನಾರು ಸಾವಿರ ಪೋರ್ಟ್ ತೆರೆಯಬೇಕು. ಆ ಟಿಕ್ ಜೊತೆಗೆ ಬರುವ ನಿಯಮಗಳಲ್ಲಿ ಸ್ಪೂಲರ್‌ಗೆ ಮಾತ್ರ ಸಲ್ಲುವ ನಿಯಮವೂ ಸೇರಿದೆ. ಜಾಣತನ ಬೇಡ, ಟಿಕ್ ಸಾಕು.

ಬೇರೆ ಕಂಪನಿಯ ಆ್ಯಂಟಿವೈರಸ್ ಹಾಕಿದ್ದರೆ ಇದೆಲ್ಲ ಮಾಡಿದರೂ ಏನೂ ಆಗದಿರಬಹುದು. ಅಂಥ ಹಲವು ಪ್ಯಾಕೇಜುಗಳು ವಿಂಡೋಸ್ ಫೈರ್‌ವಾಲನ್ನು ಪಕ್ಕಕ್ಕಿಟ್ಟು ತಮ್ಮದನ್ನು ಕೂರಿಸುತ್ತವೆ. ಆಗ ಅದರೊಳಗೇ ಹೋಗಿ ಆಫೀಸಿನ ನೆಟ್‌ವರ್ಕನ್ನು 'ಟ್ರಸ್ಟೆಡ್' ಅಥವಾ 'ಹೋಮ್' ಎಂದು ಬದಲಿಸಬೇಕು.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಬೇರೆಯೇ. ಪ್ರಿಂಟರಿನ ಹಿಂದೆ ಒಮ್ಮೆ ಬಗ್ಗಿ ನೋಡಿ. ಯುಎಸ್‌ಬಿ ಕೇಬಲ್ ಸಿಕ್ಕಿಸಿದ ಚೌಕ ಕಿಂಡಿಯ ಹತ್ತಿರ ಸ್ವಲ್ಪ ಅಗಲವಾದ ಇನ್ನೊಂದು ಕಿಂಡಿ, ಅಂದರೆ ರೂಟರಿನ ಹಿಂದೆ ಸಾಲಾಗಿ ಇರುತ್ತವಲ್ಲ ಅಂಥದ್ದು, ಇದ್ದರೆ ಈ ಶೇರಿಂಗ್ ಗೋಜೇ ಬೇಡ. ಅಲ್ಲಿಂದ ನೇರ ರೂಟರಿಗೋ ಸ್ವಿಚ್ಚಿಗೋ ಒಂದು ಲ್ಯಾನ್ ಕೇಬಲ್ ಎಳೆಯಿರಿ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ (ಎಲ್ಲರಿಗೂ ವಿಳಾಸ ಹಂಚುವುದು ಅದೇ) ಪ್ರಿಂಟರಿಗೆ ಒಂದು ಐಪಿ ವಿಳಾಸ ಕಾಯ್ದಿರಿಸಿ, ಉದಾಹರಣೆಗೆ 192.168.1.50. ಇಲ್ಲದಿದ್ದರೆ ಒಂದು ದಿನ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಮತ್ತೆ ನನಗೇ ಬರೆಯುತ್ತೀರಿ. ಆಮೇಲೆ ಆರೂ ಕಂಪ್ಯೂಟರುಗಳಲ್ಲಿ ಆ ವಿಳಾಸ ಕೊಟ್ಟು 'ಟಿಸಿಪಿ/ಐಪಿ ಪ್ರಿಂಟರ್' ಎಂದು ಸೇರಿಸಿ. ಈಗ ಪ್ರತಿಯೊಂದು ಕಂಪ್ಯೂಟರೂ ತಾನೇ ಹೋಗಿ ಪ್ರಿಂಟರಿನ ಬಾಗಿಲು ತಟ್ಟುತ್ತದೆ, ಸಾಮಾನ್ಯವಾಗಿ 9100 ಅಥವಾ 631ನೇ ಪೋರ್ಟ್‌ನಲ್ಲಿ. ಎಲ್ಲ ಹೊರಹೋಗುವ ಮಾತು, ಹಾಗಾಗಿ ವಿಂಡೋಸ್ ಫೈರ್‌ವಾಲ್ ತಾನಾಗಿ ಅಡ್ಡ ಬರುವುದಿಲ್ಲ. ಅಕೌಂಟ್ಸ್‌ನವರು ರಜೆ ಹಾಕಿ ಕಂಪ್ಯೂಟರ್ ಆಫ್ ಮಾಡಿ ಹೋದರೂ ಉಳಿದವರ ಪ್ರಿಂಟ್ ನಿಲ್ಲುವುದಿಲ್ಲ.

ಪ್ರಶ್ನೆ: ಶೇರ್ ಮಾಡಿದ ಪ್ರಿಂಟರ್ ಸೇರಿಸಲು ಹೋದರೆ 0x0000011ಬಿ ಎಂಬ ತಪ್ಪು ಬರುತ್ತದೆ. ಫೈರ್‌ವಾಲ್ ಆಫ್ ಮಾಡಿದರೂ ಅದೇ. ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ಸೊನ್ನೆ ಮಾಡಿದರೆ ಸರಿಹೋಗುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ಮಾಡಲಾ?

ಉತ್ತರ: ಇದು ಫೈರ್‌ವಾಲ್ ತಂಟೆ ಅಲ್ಲ. 2021ರ ಜುಲೈ ಹೊತ್ತಿಗೆ ವಿಂಡೋಸ್‌ನ ಪ್ರಿಂಟ್ ಸ್ಪೂಲರ್‌ನಲ್ಲಿ 'ಪ್ರಿಂಟ್‌ನೈಟ್‌ಮೇರ್' ಎಂಬ ದೊಡ್ಡ ದೋಷ ಬಯಲಾಗಿ ಗಲಾಟೆಯಾಗಿತ್ತು. ಆ ವರ್ಷ ಸ್ಪೂಲರ್‌ಗೆ ಒಂದರ ಹಿಂದೆ ಒಂದು ಬಿಗಿ ಮಾಡಿದರು. ಸೆಪ್ಟೆಂಬರ್ ಅಪ್‌ಡೇಟ್ ಆದ ಮೇಲೆ, ಪ್ರಿಂಟರ್ ಹಂಚುವ ಕಂಪ್ಯೂಟರ್ ಹೊಸ ಬಿಗಿಯಲ್ಲಿದ್ದು ಕೇಳುವ ಕಂಪ್ಯೂಟರ್ ಹಳೆಯದೇ ಆಗಿದ್ದರೆ ಇಬ್ಬರಿಗೂ ಹೊಂದದೆ ಈ 11ಬಿ ಬರತೊಡಗಿತು. ಆ ಸೊನ್ನೆ ಮಾಡುವುದು ಎಂದರೆ ಹಾಕಿದ ಬೀಗ ತೆಗೆಯುವುದು. ಪ್ರಿಂಟ್ ಬರುತ್ತದೆ, ತೂತೂ ಬರುತ್ತದೆ. ಮೊದಲು ಎರಡೂ ಕಂಪ್ಯೂಟರಿಗೆ ಬಾಕಿ ಇರುವ ಅಪ್‌ಡೇಟ್ ಎಲ್ಲ ಹಾಕಿ ನೋಡಿ. ಒಂದು ಕಡೆ ಅಪ್‌ಡೇಟೇ ಸಿಗದಷ್ಟು ಹಳೆಯ ವಿಂಡೋಸ್ ಇದ್ದರೆ, ಮೇಲೆ ಹೇಳಿದ ಹಾಗೆ ಪ್ರಿಂಟರನ್ನೇ ನೇರ ನೆಟ್‌ವರ್ಕ್‌ಗೆ ಹಾಕಿ.

ಪ್ರಶ್ನೆ: ಪ್ರಿಂಟರ್ 'ಆಫ್‌ಲೈನ್' ಎಂದು ತೋರಿಸುತ್ತದೆ. ಆದರೆ ಮುಂದೆ ಹೋಗಿ ನೋಡಿದರೆ ಹಸಿರು ದೀಪ ಉರಿಯುತ್ತಿದೆ, ಪಿಂಗ್ ಮಾಡಿದರೂ ಉತ್ತರ ಬರುತ್ತದೆ.

ಉತ್ತರ: ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್, ಅದರಲ್ಲಿ ಕಾನ್ಫಿಗರ್ ಪೋರ್ಟ್ ತೆರೆದು 'ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್' ಎಂಬ ಟಿಕ್ ತೆಗೆಯಿರಿ. 'ಇದ್ದೀಯಾ' ಎಂದು ವಿಂಡೋಸ್ 161ನೇ ಯುಡಿಪಿ ಪೋರ್ಟ್‌ನಲ್ಲಿ ಕೇಳುತ್ತಿದೆ, ಉತ್ತರ ಬರದಿದ್ದರೆ ಪ್ರಿಂಟರೇ ಇಲ್ಲ ಎಂದುಕೊಳ್ಳುತ್ತದೆ. ನಡುವಿನ ಫೈರ್‌ವಾಲ್ ಅದನ್ನು ತಡೆದಿರಬಹುದು ಅಥವಾ ಪ್ರಿಂಟರಿನಲ್ಲೇ ಅದು ಆಫ್ ಇರಬಹುದು. ಟಿಕ್ ತೆಗೆದರೆ ಪೇಪರ್ ಮುಗಿದ ಸುದ್ದಿ ಕಂಪ್ಯೂಟರಿಗೆ ಬಾರದೆ ಹೋಗಬಹುದು, ಅಷ್ಟೇ ನಷ್ಟ.

ಪ್ರಶ್ನೆ: ಮನೆಯಿಂದಲೇ ಆಫೀಸ್ ಪ್ರಿಂಟರಿಗೆ ಪ್ರಿಂಟ್ ಕಳಿಸಬೇಕು. ರೂಟರಿನಲ್ಲಿ 9100 ಅನ್ನು ಫಾರ್ವರ್ಡ್ ಮಾಡಿದರೆ ಸಾಕಾ?

ಉತ್ತರ: ಸಾಕು, ನಿಮಗೂ ಸಾಕು, ಜಗತ್ತಿನ ಉಳಿದವರಿಗೂ ಸಾಕು. ಫಾರ್ವರ್ಡ್ ಮಾಡುವುದೆಂದರೆ ಇಂಟರ್ನೆಟ್ ಕಡೆಯಿಂದ ಪ್ರಿಂಟರಿಗೆ ನೇರ ದಾರಿ ತೆರೆದಂತೆ. 9100 ಎಂಬ ಪೋರ್ಟ್ ಯೂಸರ್‌ನೇಮ್ ಕೇಳಲ್ಲ, ಪಾಸ್‌ವರ್ಡ್ ಕೇಳಲ್ಲ, ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕುತ್ತದೆ. ಒಂದು ಕಡೆ ಪ್ರಿಂಟರ್ ಇದ್ದಕ್ಕಿದ್ದಂತೆ ಹಾಳೆ ಉಗುಳುತ್ತಿದೆ ಎಂದು ಕರೆದಿದ್ದರು. ಹೋಗಿ ನೋಡಿದರೆ ಹಾಳೆಯ ಮೇಲ್ತುದಿಯಲ್ಲಿ ನಾಲ್ಕೈದು ಸಾಲು ಇಂಗ್ಲಿಷ್, ಮೊದಲ ಸಾಲು 'ಗೆಟ್' ಎಂದು ಶುರುವಾಗಿ 'ಎಚ್‌ಟಿಟಿಪಿ' ಎಂದು ಮುಗಿದಿತ್ತು, ಉಳಿದದ್ದೆಲ್ಲ ಖಾಲಿ. ಯಾರೋ ಬ್ರೌಸರಿನಲ್ಲಿ ಪ್ರಿಂಟರಿನ ವಿಳಾಸದ ಮುಂದೆ 9100 ಹಾಕಿ ಎಂಟರ್ ಒತ್ತಿದ್ದರು. ಪುಟ ಕೊಡು ಎಂದು ಬ್ರೌಸರ್ ಕೇಳಿದ್ದನ್ನೇ ಪ್ರಿಂಟರ್ ಅಚ್ಚು ಹಾಕಿ ಕೊಟ್ಟಿತ್ತು! ಎನ್‌ಮ್ಯಾಪ್ ಎಂಬ ಹೆಸರಾಂತ ಸ್ಕ್ಯಾನರ್ ಕೂಡ ಯಾವ ಪೋರ್ಟ್‌ನಲ್ಲಿ ಯಾವ ಸಾಫ್ಟ್‌ವೇರ್ ಇದೆ ಎಂದು ಕೆದಕುವಾಗ, ಸುಮ್ನೆ ಹಾಳೆ ದಂಡವಾಗುತ್ತದೆ ಎಂದು 9100ರಿಂದ 9107ರವರೆಗಿನದನ್ನು ತಾನಾಗಿ ಬಿಟ್ಟುಬಿಡುತ್ತದೆ.

2018ರ ಕೊನೆಯಲ್ಲಿ ಒಬ್ಬಾತ ಹೀಗೆ ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಪ್ರಿಂಟರುಗಳನ್ನು ಹುಡುಕಿ, ಒಬ್ಬ ಯೂಟ್ಯೂಬರ್‌ಗೆ ಸಬ್‌ಸ್ಕ್ರೈಬ್ ಮಾಡಿ ಎಂಬ ಹಾಳೆ ಕಳಿಸಿದ. 50,000 ಪ್ರಿಂಟರಿಗೆ ಕಳಿಸಿದೆ ಎಂದು ತಾನೇ ಹೇಳಿಕೊಂಡ. ಅದು ತಮಾಷೆಯಲ್ಲಿ ಮುಗಿಯಿತು, ಎಲ್ಲರೂ ಅಷ್ಟರಲ್ಲೇ ಬಿಡಲ್ಲ. ನಿಮಗೆ ಬೇಕಿರುವುದು ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕ ಆಫೀಸಿನ ಒಳಗೆ ಬರಲು ಬೀಗ ಹಾಕಿದ ದಾರಿ. ಆಫೀಸಿಗಾಗಿ ಮಾಡಿದ ಎಷ್ಟೋ ರೂಟರುಗಳಲ್ಲಿ ಅದು ಒಳಗೇ ಇರುತ್ತದೆ. ಅದರೊಳಗೆ ಬಂದರೆ ಆಫೀಸಿನಲ್ಲಿ ಕೂತಂತೆಯೇ, 9100 ಹೊರಗೆ ಕಾಣುವುದಿಲ್ಲ. ತಿಂಗಳಿಗೆ ಎರಡೇ ಪ್ರಿಂಟ್ ಎಂದಾದರೆ ಅಲ್ಲಿರುವ ಗೆಳೆಯರಿಗೆ ಫೈಲ್ ಮೇಲ್ ಮಾಡಿ, ಅದಕ್ಕಿಂತ ಸುಲಭ ಬೇರೆ ಇಲ್ಲ.

ಪ್ರಶ್ನೆ: ಕೇಬಲ್ ಹಾಕಿದ ಕಂಪ್ಯೂಟರುಗಳಿಗೆಲ್ಲ ಪ್ರಿಂಟರ್ ಕಾಣುತ್ತದೆ, ವೈಫೈನಲ್ಲಿರುವ ಫೋನಿಗೆ ಕಾಣುವುದೇ ಇಲ್ಲ.

ಉತ್ತರ: ಫೋನು 'ಗೆಸ್ಟ್' ವೈಫೈನಲ್ಲಿದೆಯಾ ನೋಡಿ. ಗೆಸ್ಟ್ ಇರುವುದೇ ಒಳಗಿನ ಯಾವುದೂ ಕಾಣದಿರಲಿ ಎಂದು. ಗೆಸ್ಟ್ ಅಲ್ಲದಿದ್ದರೆ ರೂಟರಿನಲ್ಲಿ 'ಎಪಿ ಐಸೊಲೇಷನ್' (ವೈಫೈನಲ್ಲಿರುವವರಿಗೆ ಬೇರೆಯವರು ಕಾಣದಂತೆ ಮಾಡುವ ಸೆಟ್ಟಿಂಗ್) ಆನ್ ಆಗಿರಬಹುದು. ಅದೂ ಇಲ್ಲ ಎಂದರೆ ವೈಫೈ ಬೇರೆ ಸಬ್‌ನೆಟ್‌ನಲ್ಲಿ (ನೆಟ್‌ವರ್ಕಿನ ಬೇರೆ ತುಂಡಿನಲ್ಲಿ) ಇರಬಹುದು, ಒಂದು ರೂಟರಿನ ಬಾಲಕ್ಕೆ ಇನ್ನೊಂದು ರೂಟರ್ ಕಟ್ಟಿದಾಗ ಹೀಗಾಗುತ್ತದೆ. ಫೋನು ಪ್ರಿಂಟರನ್ನು ಹುಡುಕುವುದು 'ಯಾರಾದರೂ ಪ್ರಿಂಟರ್ ಇದ್ದೀರಾ' ಎಂದು 5353ನೇ ಪೋರ್ಟ್‌ನಲ್ಲಿ ಕೂಗಿ. ಆ ಕೂಗು ರೂಟರ್ ದಾಟುವುದಿಲ್ಲ. ಎರಡನೇ ರೂಟರನ್ನು 'ಆ್ಯಕ್ಸೆಸ್ ಪಾಯಿಂಟ್' ಮೋಡ್‌ಗೆ ಬದಲಿಸಿದರೆ ಎಲ್ಲ ಒಂದೇ ಸಬ್‌ನೆಟ್ ಆಗುತ್ತದೆ.

ಪ್ರಶ್ನೆ: ನಮ್ಮ ಹಳೆಯ ಜೆರಾಕ್ಸ್ ಮಷಿನ್‌ಗೆ ಪ್ರಿಂಟ್ ಕಳಿಸಿದರೆ ಸರಿಯಾಗಿ ಬರುತ್ತದೆ. ಅದರಲ್ಲೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಫೋಲ್ಡರಿಗೆ ಕಳಿಸಿದರೆ ಹೋಗುವುದಿಲ್ಲ. ಪ್ರಿಂಟ್ ಬರುತ್ತದೆ ಎಂದ ಮೇಲೆ ನೆಟ್‌ವರ್ಕ್ ಸರಿ ಇದೆ ತಾನೇ?

ಉತ್ತರ: ಸರಿ ಇದೆ, ಆದರೆ ಈಗ ಬಾಗಿಲು ತಟ್ಟುತ್ತಿರುವುದು ಮಷಿನ್. ಪ್ರಿಂಟ್ ಮಾಡುವಾಗ ಕಂಪ್ಯೂಟರ್ ಅದರ ಹತ್ತಿರ ಹೋಗುತ್ತದೆ, ಸ್ಕ್ಯಾನ್ ಕಳಿಸುವಾಗ ಅದೇ ಕಂಪ್ಯೂಟರಿನ 445ಕ್ಕೆ ಬರುತ್ತದೆ. ಆ ಕಂಪ್ಯೂಟರಿನಲ್ಲಿ ಮೊದಲ ಉತ್ತರದಲ್ಲಿ ಹೇಳಿದ 'ಪ್ರೈವೇಟ್' ಮತ್ತು ಟಿಕ್ ಎರಡನ್ನೂ ನೋಡಿ. ಅದಾದರೂ ಹೋಗದಿದ್ದರೆ ಮಷಿನ್‌ಗೆ ಎಸ್‌ಎಂಬಿ1 ಎಂಬ ಹಳೆಯ ಭಾಷೆ ಮಾತ್ರ ಬರುತ್ತಿರಬಹುದು. 2017ರ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರುಗಳು ಆ ಭಾಷೆಯಲ್ಲಿ ಬಂದವರನ್ನು ಒಳಗೆ ಬಿಡುವುದಿಲ್ಲ. ಅದನ್ನು ಮತ್ತೆ ಆನ್ ಮಾಡಬೇಡಿ, ವನ್ನಾಕ್ರೈ ನುಗ್ಗಿದ ಸಂದು ಅದೇ. ಮಷಿನ್‌ಗೆ ಹೊಸ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಇದೆಯಾ ವಿಚಾರಿಸಿ. ಇಲ್ಲವಾದರೆ ಸ್ಕ್ಯಾನನ್ನು ಮೇಲ್‌ಗೆ ಕಳಿಸಿಕೊಳ್ಳಿ, ಅಥವಾ ಮಷಿನ್ ಜೊತೆ ಬಂದ ಸ್ಕ್ಯಾನ್ ಸಾಫ್ಟ್‌ವೇರ್ ಹಾಕಿ ಕಂಪ್ಯೂಟರಿನ ಕಡೆಯಿಂದಲೇ ಎಳೆದುಕೊಳ್ಳಿ. ಆಗ ತಟ್ಟುವವರು ಮತ್ತೆ ನೀವೇ.